ಕತಾರಿನ ಕಾಲ್ಚೆಂಡು, ನಮ್ಮ ಬೈಲಿನ ಪರದೆ

2022ರ ನವೆಂಬರ್ ತಿಂಗಳ ಎರಡನೇ ವಾರವಿರಬೇಕು. ಸಂಜೆಯ ಚಹಾ ಮುಗಿಸಿ ಜಗಲಿಯಲ್ಲಿ ಕೂತಿದ್ದೆ. ಕ್ಲಬ್ಬಿನ ಹುಡುಗರು ನಾಲ್ಕೈದು ಮಂದಿ ಬಂದು ಅಂಗಳದಲ್ಲೇ ನಿಂತರು. ವಂತಿಗೆಗೆ ಬಂದವರಾದರೆ ಕೈಯಲ್ಲಿ ರಶೀದಿ ಪುಸ್ತಕ ಇರುತ್ತದೆ, ಅದೂ ಇಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಾಷ್ಟ್ರೇ, ವಿಶ್ವಕಪ್ಪಿಗೆ ಬೈಲಿನಲ್ಲಿ ಪರದೆ ಕಟ್ಟುವುದು ಅಂತ ಉಂಟು."

"ಕಟ್ಟಿ. ನನ್ನ ಗದ್ದೆ ಹೇಗೂ ಕೊಯ್ದಾಗಿದೆಯಲ್ಲ."

"ಗದ್ದೆ ಅಲ್ಲ ಮಾಷ್ಟ್ರೇ, ಕರೆಂಟು. ಪ್ರೊಜೆಕ್ಟರಿಗೆ ವಯರ್ ಎಳೆಯಬೇಕಾದರೆ ಹತ್ತಿರ ಇರುವುದು ಅಕ್ಕನ ಮನೆ ಒಂದೇ. ನೀವು ಒಮ್ಮೆ ಕೇಳ್ತೀರಾ?"

ಹುಡುಗರು ಅಂಗಳದಲ್ಲೇ ನಿಂತದ್ದು ಯಾಕೆಂದು ಆಗ ತಿಳಿಯಿತು. ಆ ಅಕ್ಕನ ಗಂಡ ಕತಾರಿನಲ್ಲಿ ತೀರಿಕೊಂಡವನು. ಅದೇ ಕತಾರಿನ ಪಂದ್ಯಾಟ ನೋಡಲು ಅವಳ ಮನೆಯ ಕರೆಂಟೇ ಬೇಕು!

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಗುಡ್ಡೆ ಇಳಿದರೆ ನಮ್ಮ ಬೈಲು. ಇಲ್ಲಿ ಮನೆಯೊಳಗೆ ಕೆಲವರದು ತುಳು, ಕೆಲವರದು ಮಲಯಾಳ, ಕೆಲವರದು ಹವ್ಯಕ ಕನ್ನಡ, ಕೆಲವರದು ಮರಾಠಿ. ಶಾಲೆಗೆ ಕನ್ನಡ, ಪಂಚಾಯತ್ ಆಫೀಸಿಗೆ ಹೋದರೆ ಮಲಯಾಳ. ಕೆಲಸಕ್ಕೆ ಮಾತ್ರ ಎಲ್ಲರಿಗೂ ಒಂದೇ ದಿಕ್ಕು, ಪಡುವಣ ಕಡಲಿನಾಚೆ. ನನ್ನ ಅಪ್ಪನ ಕಾಲದವರು ಅದನ್ನು 'ಪರ್ಷಿಯ' ಎನ್ನುತ್ತಿದ್ದರು. ನಾವು ಗಲ್ಫ್ ಎಂದೆವು. ಈಗಿನವರು ದೋಹಾ, ದುಬೈ, ದಮಾಮ್ ಎಂದು ಊರಿನ ಹೆಸರನ್ನೇ ಹೇಳುತ್ತಾರೆ, ಮಂಗಳೂರು, ಪುತ್ತೂರು ಎಂದ ಹಾಗೆ.

ಫುಟ್‌ಬಾಲ್ ವಿಶ್ವಕಪ್ ನಮ್ಮ ಊರಿಗೆ ಕಾಲಿಟ್ಟದ್ದೂ ಗಲ್ಫಿನ ಮೂಲಕವೇ ಎಂದರೆ ನೀವು ನಂಬಬೇಕು. 1986ರ ಜೂನ್ ತಿಂಗಳು. ಇಡೀ ಬೈಲಿಗೆ ಬಣ್ಣದ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ, ಅದೂ ಅಬುಧಾಬಿಯಿಂದ ಬಂದವರ ಮನೆ. ಅರ್ಜೆಂಟೀನ ಮತ್ತು ಇಂಗ್ಲೆಂಡ್ ಆಟ ಶುರುವಾದದ್ದು ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೊಂದೂವರೆಗೆ. ಹೊರಗೆ ಆಷಾಢ ಬಾರದಿದ್ದರೂ ಆಷಾಢದ ಮಳೆ. ಒಬ್ಬ ಕೊಡೆ ಹಿಡಿದು ಮಾಡಿನ ಮೇಲೆ ಆಂಟೆನಾ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬ "ಈಗ ಉಂಟು, ಈಗ ಹೋಯ್ತು" ಎಂದು ಕೂಗುವುದು. ಮಾರಡೋನ ಕೈಯಿಂದ ಹೊಡೆದ ಗೋಲನ್ನು ಪರದೆಯ ಹಿಮದಲ್ಲಿ ನಮಗೆ ಕಾಣಲಿಲ್ಲ. ನಾಲ್ಕು ನಿಮಿಷದ ನಂತರ ಅವನು ಅರ್ಧ ಮೈದಾನ ಓಡಿ ಹೊಡೆದ ಎರಡನೆಯದು ಮಾತ್ರ ಸ್ಪಷ್ಟ ಕಂಡಿತು. ಆ ರಾತ್ರಿಯಿಂದ ನಾನು ಅರ್ಜೆಂಟೀನದವ. ನನ್ನಂಥವರು ಮಲಬಾರಿನ ಉದ್ದಕ್ಕೂ ಎಷ್ಟು ಸಾವಿರ ಮಂದಿ ಇದ್ದಾರೋ! ನಮ್ಮ ದೇಶವಂತೂ ವಿಶ್ವಕಪ್ಪಿನಲ್ಲಿ ಆಡಿದ್ದೇ ಇಲ್ಲ. 1950ರಲ್ಲಿ ಬ್ರೆಜಿಲಿಗೆ ಹೋಗುವ ಅವಕಾಶ ಇತ್ತು, ಹೋಗಲಿಲ್ಲ. ಆದ್ದರಿಂದ ಯಾರನ್ನು ಬೇಕಾದರೂ ನಮ್ಮವರೆಂದು ಮಾಡಿಕೊಳ್ಳಲು ಅಡ್ಡಿಯಿಲ್ಲ.

ಈ ಹುಚ್ಚಿನ ಬಗ್ಗೆ ಘಟ್ಟದ ಮೇಲಿನ ಓದುಗರಿಗೆ ಎರಡು ಮಾತು ಹೇಳಬೇಕು. ಕಾಸರಗೋಡು ಜಿಲ್ಲೆಯ ತೆಂಕು ತುದಿಯ ತೃಕ್ಕರಿಪುರ ಇಂಡಿಯಾ ತಂಡಕ್ಕೆ ಆಟಗಾರರನ್ನು ಕೊಟ್ಟ ಊರು. ಮಳೆ ಮುಗಿದು ಗದ್ದೆ ಒಣಗಿದ ಮೇಲೆ ಏಳು ಜನರ 'ಸೆವೆನ್ಸ್' ಆಟ ಮಲಬಾರಿನಲ್ಲಿ ಜಾತ್ರೆಯ ಹಾಗೆ ನಡೆಯುತ್ತದೆ. ಆ ವರ್ಷ ಕೋಝಿಕ್ಕೋಡು ಜಿಲ್ಲೆಯ ಪುಳ್ಳಾವೂರಿನಲ್ಲಿ ಹೊಳೆಯ ನಡುವೆಯೇ ಮೆಸ್ಸಿಯ ಮೂವತ್ತು ಅಡಿಯ ಕಟೌಟು ನಿಲ್ಲಿಸಿದರು. ಬ್ರೆಜಿಲಿನವರು ಬಿಡುತ್ತಾರೆಯೇ? ನೇಮಾರನದು ನಲವತ್ತು ಅಡಿ. ಆಮೇಲೆ ರೊನಾಲ್ಡೊ, ಐವತ್ತು ಅಡಿ! ಆ ಚಿತ್ರವನ್ನು ಫಿಫಾದವರೇ ಲೋಕಕ್ಕೆಲ್ಲ ತೋರಿಸಿದರು. ನಮ್ಮ ಬೈಲಿನಲ್ಲಿ ಅಷ್ಟು ದೊಡ್ಡ ಹೊಳೆಯಿಲ್ಲ, ಅಷ್ಟು ದುಡ್ಡೂ ಇಲ್ಲ. ಎರಡು ತೆಂಗಿನ ಮರದ ನಡುವೆ ಒಂದು ಫ್ಲೆಕ್ಸ್, ಅದಕ್ಕೆ ಎದುರಾಗಿ ಬ್ರೆಜಿಲಿನವರ ಇನ್ನೊಂದು ಫ್ಲೆಕ್ಸ್, ಅಷ್ಟೆ.

ನಾನು ಅಕ್ಕನ ಮನೆಗೆ ಮರುದಿನ ಬೆಳಿಗ್ಗೆ ಹೋದೆ. ಅಕ್ಕ ಎಂದು ಊರೆಲ್ಲ ಕರೆದರೂ ಪ್ರಾಯದಲ್ಲಿ ನನಗಿಂತ ಬಹಳ ಸಣ್ಣವಳು, ನನ್ನ ಶಾಲೆಯಲ್ಲೇ ಏಳನೇ ಕ್ಲಾಸು ಕಲಿತವಳು. ಬೀಡಿ ಕಟ್ಟುತ್ತಾ ಕೂತಿದ್ದಳು. ಹೇಗೆ ಮಾತು ತೆಗೆಯುವುದೆಂದು ಹವೆ, ಅಡಿಕೆಯ ಕ್ರಯ ಎಲ್ಲ ಮಾತಾಡಿದೆ. ಕೊನೆಗೆ ಹೇಳಿದೆ.

ಅವಳು ಸೂಪಿನಿಂದ ಕಣ್ಣು ತೆಗೆಯದೆ, "ಮಗ ಹೇಳಿದ್ದಾನೆ ಮಾಷ್ಟ್ರೇ. ವಯರ್ ಎಳೀಲಿ. ಕರೆಂಟು ಬಿಲ್ಲು ಅವರೇ ಕೊಡಲಿ" ಎಂದಳು.

ಅಷ್ಟೇ. ನಾನು ರಾತ್ರಿಯಿಡೀ ಯೋಚಿಸಿ ಜೋಡಿಸಿಟ್ಟ ಸಮಾಧಾನದ ಮಾತುಗಳು ಹಾಗೇ ಉಳಿದುವು.

ಅವಳ ಗಂಡ ಕಂಬಿ ಕಟ್ಟುವ ಕೆಲಸಗಾರ. ಸ್ಟೇಡಿಯಮ್ಮಿನಲ್ಲಲ್ಲ, ರಸ್ತೆಯ ಮೇಲ್ಸೇತುವೆಗಳಲ್ಲಿ. 2016ರ ಜುಲಾಯಿಯ ಒಂದು ರಾತ್ರಿ ಕೆಲಸ ಮುಗಿಸಿ ಬಂದು ಕ್ಯಾಂಪಿನಲ್ಲಿ ಮಲಗಿದವ ಬೆಳಿಗ್ಗೆ ಏಳಲಿಲ್ಲ. ಪ್ರಾಯ ಮೂವತ್ತೆಂಟು. ಮಂಗಳೂರು ವಿಮಾನ ನಿಲ್ದಾಣಕ್ಕೆ ಪೆಟ್ಟಿಗೆ ತರಲು ಹೋದ ಜೀಪಿನಲ್ಲಿ ನಾನೂ ಇದ್ದೆ. ಪೆಟ್ಟಿಗೆಯ ಜೊತೆಗೆ ಬಂದ ಕಾಗದವನ್ನು ಓದಿ ಹೇಳಿದ್ದೂ ನಾನೇ. ಸಾವಿನ ಕಾರಣ ಎಂಬಲ್ಲಿ 'ಸಹಜ' ಎಂದಿತ್ತು.

ಆ ಒಂದು ಶಬ್ದದ ಬೆಲೆ ಎಷ್ಟೆಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಕೆಲಸದ ಜಾಗದಲ್ಲಿ, ಕೆಲಸದಿಂದಲೇ ಸತ್ತರೆ ಅಲ್ಲಿನ ಕಾನೂನಿನಂತೆ ಪರಿಹಾರ ಉಂಟು. ಮಲಗಿದಲ್ಲಿ ಸಹಜವಾಗಿ ಸತ್ತರೆ ಇಲ್ಲ. ನಮ್ಮ ಸರಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ದೊಡ್ಡ ಮೊತ್ತವೂ ಅಪಘಾತದ ಸಾವಿಗೆ. ಇವಳಿಗೆ ಸಿಕ್ಕಿದ್ದು ಬಾಕಿ ಸಂಬಳ ಮತ್ತು ಸೇವಾವಧಿಯ ಅಷ್ಟಿಷ್ಟು ಹಣ. ಅದೂ ಕಾಗದದ ಮೇಲೆ ಕಾಗದ ಬರೆದ ಮೇಲೆ. ಆ ಕಾಗದಗಳನ್ನು ಬರೆದವ ನಾನಾದ್ದರಿಂದ ಇಷ್ಟು ಹೇಳುವ ಅಧಿಕಾರ ನನಗುಂಟು.

ಮೂವತ್ತೆಂಟರ ಗಟ್ಟಿ ಆಳು ಮಲಗಿದಲ್ಲೇ ಸಾಯುವುದು ಸಹಜವೇ? 45 ಡಿಗ್ರಿಯವರೆಗೆ ಏರುವ ಸೆಕೆಯಲ್ಲಿ ಕಾದ ಕಬ್ಬಿಣ ಹಿಡಿದು ಕೆಲಸ ಮಾಡಿದವನ ಹೃದಯ ನಿಂತರೆ ಅದಕ್ಕೆ ಸೆಕೆಯ ಪಾಲೂ ಇರಬಹುದಲ್ಲ? ಹೀಗೆ ಕೇಳಿದವನು ನಾನೊಬ್ಬನೇ ಅಲ್ಲ. ಕತಾರಿನಲ್ಲಿ 2009ರಿಂದ 2017ರವರೆಗೆ ಹೃದಯದ ಕಾರಣದಿಂದ ಸತ್ತ 571 ನೇಪಾಳಿ ಕಾರ್ಮಿಕರ ವಿವರಗಳನ್ನು ಸಂಶೋಧಕರು ಅಲ್ಲಿನ ಸೆಕೆಯ ಲೆಕ್ಕದೊಂದಿಗೆ ಹೊಂದಿಸಿ ನೋಡಿದರು. ಸೆಕೆಯಿಂದ ರಕ್ಷಣೆ ಕೊಟ್ಟಿದ್ದರೆ ಅವರಲ್ಲಿ ಸುಮಾರು 200 ಮಂದಿ ಉಳಿಯಬಹುದಿತ್ತು ಎಂದು 2019ರಲ್ಲಿ ಬರೆದರು. ಇನ್ನೊಂದು ಕಡೆ ನೋಡಿ: ಆಟಗಾರರಿಗೆ ಸೆಕೆ ಆಗಬಾರದೆಂದು ಜೂನ್ ಜುಲಾಯಿಯ ವಿಶ್ವಕಪ್ಪನ್ನೇ ನವೆಂಬರ್ ಡಿಸೆಂಬರಿಗೆ ಸರಿಸಿದರು. ಫಿಫಾ ಅದನ್ನು ತೀರ್ಮಾನಿಸಿದ್ದು 2015ರ ಮಾರ್ಚಿನಲ್ಲಿ. ಅವನು ಸತ್ತದ್ದು ಅದರ ಮರುವರ್ಷದ ಜುಲಾಯಿಯಲ್ಲಿ.

ಯಾವ ಲೆಕ್ಕದಲ್ಲಿ ಅವನು?

ಪಂದ್ಯಾಟ ಹತ್ತಿರ ಬಂದಂತೆ ಪತ್ರಿಕೆಗಳಲ್ಲಿ ಸತ್ತವರ ಲೆಕ್ಕ ಬರತೊಡಗಿತು. ಸ್ಟೇಡಿಯಮ್ಮುಗಳ ಕೆಲಸದಲ್ಲಿ ಸತ್ತವರು 3 ಮಂದಿ, ಕೆಲಸಕ್ಕೆ ಸಂಬಂಧಿಸದೆ ಸತ್ತವರು 37 ಎಂದು ವ್ಯವಸ್ಥಾಪಕರ ಲೆಕ್ಕ. ಪಂದ್ಯಾಟ ನಡೆಯುತ್ತಿರುವಾಗಲೇ ಅವರ ಮುಖ್ಯಸ್ಥ ಹಸನ್ ಅಲ್ ಥವಾಡಿ ಒಂದು ಸಂದರ್ಶನದಲ್ಲಿ, ವಿಶ್ವಕಪ್ಪಿನ ಸಲುವಾಗಿ ನಡೆದ ಕಾಮಗಾರಿಗಳಲ್ಲಿ ಒಟ್ಟು 400ರಿಂದ 500 ಮಂದಿ ಸತ್ತಿರಬಹುದು ಎಂದರು. ಇಂಗ್ಲೆಂಡಿನ 'ಗಾರ್ಡಿಯನ್' ಪತ್ರಿಕೆ 2021ರ ಫೆಬ್ರವರಿಯಲ್ಲೇ ದೊಡ್ಡ ಸಂಖ್ಯೆ ಕೊಟ್ಟಿತ್ತು. ವಿಶ್ವಕಪ್ ಕತಾರಿಗೆಂದು ನಿಶ್ಚಯವಾದ 2010ರಿಂದ ಹತ್ತು ವರ್ಷದಲ್ಲಿ ಇಂಡಿಯಾ, ನೇಪಾಳ, ಬಾಂಗ್ಲಾ, ಪಾಕಿಸ್ತಾನ, ಶ್ರೀಲಂಕಾಗಳ 6,500ಕ್ಕೂ ಹೆಚ್ಚು ಕಾರ್ಮಿಕರು ಅಲ್ಲಿ ಸತ್ತಿದ್ದಾರೆ, ಅದರಲ್ಲಿ 2,711 ಮಂದಿ ನಮ್ಮವರು. ಇದು ಎಲ್ಲ ಕೆಲಸದವರ, ಎಲ್ಲ ಕಾರಣದ ಸಾವು. ಲಕ್ಷಗಟ್ಟಲೆ ಜನ ಇರುವಲ್ಲಿ ಸಾಯುವವರೂ ಇರುತ್ತಾರೆ ಎಂದು ಕತಾರ್ ಸರಕಾರದ ಉತ್ತರ. ಅದು ಪೂರ್ತಿ ಸುಳ್ಳೂ ಅಲ್ಲ.

ನಾನು ಈ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ನೋಡಿದೆ. ಮೂರರಲ್ಲಿ ಅವನಿಲ್ಲ. ಮೂವತ್ತೇಳರಲ್ಲಿ ಇಲ್ಲ, ಅವನು ಕಟ್ಟಿದ್ದು ಸ್ಟೇಡಿಯಂ ಅಲ್ಲವಲ್ಲ. ಐನೂರರಲ್ಲಿ ಇದ್ದಾನೋ ಇಲ್ಲವೋ ಹೇಳುವವರಿಲ್ಲ. ಖಂಡಿತ ಇರುವುದು 2,711ರಲ್ಲಿ ಮಾತ್ರ, ಅಲ್ಲಿ ಅವನು ಯಾಕೆ ಸತ್ತ ಎಂಬ ಪ್ರಶ್ನೆಗೇ ಜಾಗವಿಲ್ಲ.

ಪಂದ್ಯಾಟದ ಹಿಂದಿನ ದಿನ ಫಿಫಾ ಅಧ್ಯಕ್ಷ ಇನ್ಫಾಂಟಿನೊ ದೋಹಾದಲ್ಲಿ ಒಂದು ದೊಡ್ಡ ಭಾಷಣ ಮಾಡಿದರು. ಇವತ್ತು ತನಗೆ ತಾನು ವಲಸೆ ಕಾರ್ಮಿಕ ಅನಿಸುತ್ತಿದೆ ಎಂದರು! ಕ್ಲಬ್ಬಿನಲ್ಲಿ ಅದನ್ನು ಮೊಬೈಲಿನಲ್ಲಿ ತೋರಿಸಿದಾಗ, ಹನ್ನೆರಡು ವರ್ಷ ಗಲ್ಫಿನಲ್ಲಿದ್ದು ಬಂದ ಒಬ್ಬರು, "ಹಾಗಾದರೆ ಪಾಸ್‌ಪೋರ್ಟ್ ಯಾರ ಕೈಯಲ್ಲಿ ಉಂಟು ಅಂತ ಕೇಳು ಮಾರಾಯ" ಎಂದರು. ನಕ್ಕೆವು.

ಅದೇ ಭಾಷಣದಲ್ಲಿ ಯುರೋಪಿನವರು ಮೂರು ಸಾವಿರ ವರ್ಷ ಮಾಡಿದ್ದಕ್ಕೆ ಮೊದಲು ಕ್ಷಮೆ ಕೇಳಲಿ ಎಂಬ ಮಾತೂ ಇತ್ತು. ಹೇಳಿದವರು ಯಾರೇ ಆಗಲಿ, ಅದು ನನಗೆ ಸ್ವಲ್ಪ ತಟ್ಟಿತು. ಯುರೋಪಿನ ಪತ್ರಿಕೆಗಳು ಹೇಳುವ ಹಾಗೆ ಟಿ.ವಿ. ಬಂದ್ ಮಾಡಿ ಕೂತುಕೊಳ್ಳಲು ನಮ್ಮಿಂದ ಆಗುತ್ತದೆಯೇ? ಈ ಬೈಲಿನ ಹಂಚಿನ ಮಾಡುಗಳು ತಾರಸಿಯಾದದ್ದು, ತಂಗಿಯರ ಮದುವೆ ನಡೆದದ್ದು, ನನ್ನ ಶಾಲೆಗೆ ಎರಡು ಹೊಸ ಕೋಣೆ ಆದದ್ದು ಆ ಸೆಕೆಯ ದುಡ್ಡಿನಿಂದ. ಅಲ್ಲಿ ಸುಧಾರಣೆ ಆಗಲೇ ಇಲ್ಲ ಎಂದರೂ ತಪ್ಪಾದೀತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ದೋಹಾದಲ್ಲಿ ಆಫೀಸು ತೆರೆಯಿತು. ಯಜಮಾನನ ಒಪ್ಪಿಗೆ ಚೀಟಿ ಇಲ್ಲದೆ ಕೆಲಸ ಬದಲಿಸಬಹುದೆಂದು 2020ರಲ್ಲಿ ಕಾನೂನಾಯಿತು. 2021ರಿಂದ ತಿಂಗಳಿಗೆ ಸಾವಿರ ರಿಯಾಲಿನ ಕನಿಷ್ಠ ಕೂಲಿ ಬಂತು. ಬೇಸಗೆಯಲ್ಲಿ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆವರೆಗೆ ಬಯಲಲ್ಲಿ ಕೆಲಸ ಇಲ್ಲವೆಂದಾಯಿತು. ಲೋಕದ ಕಣ್ಣು ಬೀಳದಿದ್ದರೆ ಇದೆಲ್ಲ ಆಗುತ್ತಿತ್ತೇ? ನನಗೆ ಸಂಶಯ. ಆ ಕಣ್ಣು ಬಿದ್ದದ್ದು ಕಾಲ್ಚೆಂಡಿನಿಂದ.

ಹೀಗೆ ಒಂದು ಮನಸ್ಸು ಅತ್ತ, ಒಂದು ಮನಸ್ಸು ಇತ್ತ ಎಳೆಯುತ್ತಿರುವಾಗ ಆಟ ಶುರುವಾಗಿಯೇ ಬಿಟ್ಟಿತು. ಗದ್ದೆಯಲ್ಲಿ ಬಿಳಿ ಬಟ್ಟೆಯ ಪರದೆ, ಮುಂದೆ ಮಕ್ಕಳಿಗೆ ತಾರ್ಪಾಲು, ಹಿಂದೆ ನಮಗೆ ಕ್ಲಬ್ಬಿನ ಕುರ್ಚಿ. ಹುಡುಗರು ಹಾಕಿದ್ದು ಮಲಯಾಳದ ವೀಕ್ಷಕ ವಿವರಣೆ. ಅರ್ಥವಾಗದ ಅಜ್ಜಂದಿರಿಗೆ ನಾನು ತುಳುವಿನಲ್ಲಿ ಹೇಳುವುದು. ಆಫ್‌ಸೈಡ್ ಎಂದರೆ ಎಂಥದು ಎಂದು ತುಳುವಿನಲ್ಲಿ ವಿವರಿಸಿದ ಮೊದಲ ಮೇಷ್ಟ್ರು ನಾನೇ ಇರಬೇಕು.

ನನ್ನ ಅಕ್ಕನ ಮಗ ನನ್ನ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದ. ಅವನು ಕತಾರಿನಿಂದ 2021ರಲ್ಲಿ ಬಂದವ. ಲುಸೈಲ್ ಸ್ಟೇಡಿಯಮ್ಮಿನಲ್ಲಿ ತಂಪು ಗಾಳಿಯ ಕೊಳವೆ ಜೋಡಿಸುವ ಕೆಲಸದಲ್ಲಿದ್ದ. ಎಂಟು ಸ್ಟೇಡಿಯಮ್ಮುಗಳಲ್ಲಿ ಏಳಕ್ಕೆ ಆ ತಂಪು ವ್ಯವಸ್ಥೆ ಇತ್ತು. ಹಡಗಿನ ಪೆಟ್ಟಿಗೆಗಳನ್ನು ಪೇರಿಸಿ ಕಟ್ಟಿದ 974 ಎಂಬುದಕ್ಕೆ ಮಾತ್ರ ಇರಲಿಲ್ಲ. ಲುಸೈಲ್ ಪರದೆಯ ಮೇಲೆ ಬಂದರೆ ಇವನು ಆಟವನ್ನೇ ನೋಡುವುದಿಲ್ಲ.

"ಮಾವಾ, ಅದೋ, ಆ ಸೀಟಿನ ಅಡಿಯಲ್ಲಿ ತೂತು ಕಾಣ್ತದಲ್ಲ, ಅಲ್ಲಿಂದ ಗಾಳಿ ಬರುವುದು. ಆ ಬದಿಯದ್ದು ಪೂರ್ತಿ ನಮ್ಮ ಗ್ಯಾಂಗಿನದ್ದು."

"ಬೇಜಾರಾಗುವುದಿಲ್ವನಾ ನಿನಗೆ? ನೀವು ಸೆಕೆಯಲ್ಲಿ ಕಟ್ಟಿದ್ದು, ಅವರು ತಂಪಿನಲ್ಲಿ ಕೂತದ್ದು?"

"ಎಂಥ ಬೇಜಾರು ಮಾವಾ. ಎರಡು ತಿಂಗಳ ಸಂಬಳ ತಡ ಮಾಡಿದ್ರು, ಅದರ ಸಿಟ್ಟು ಬೇರೆ. ಆದ್ರೆ ಕೆಲಸ ಒಳ್ಳೆ ಕೆಲಸ. ಕೊಳವೆ ಸೋರಿದ್ರೆ ಈಗ ನಾಚಿಕೆ ಆಗ್ತಿತ್ತು."

ಅವನಿಗೆ ಇಲ್ಲದ ಸಂಕಟ ಕುರ್ಚಿಯಲ್ಲಿ ಕೂತ ನನಗೆ! ಮರುಕ ಪಡುವುದೂ ಒಂದು ಸುಖವೇ ಏನೋ ಎಂದು ಆ ದಿನ ನನ್ನ ಮೇಲೆಯೇ ಸಂಶಯ ಬಂತು.

ನವೆಂಬರ್ 22ರ ಮಧ್ಯಾಹ್ನ ಮೂರೂವರೆಗೆ ಅದೇ ಲುಸೈಲಿನಲ್ಲಿ ಸೌದಿ ಅರೇಬಿಯಾದವರು ಅರ್ಜೆಂಟೀನವನ್ನು 2-1ರಲ್ಲಿ ಸೋಲಿಸಿದರು. ನಮ್ಮ ಫ್ಲೆಕ್ಸಿಗೆ ಬ್ರೆಜಿಲಿನವರು ಚಪ್ಪಲಿ ಹಾರ ಹಾಕುವುದೊಂದು ಬಾಕಿ. ಅಕ್ಕನ ಮಗ, ಎಂಟನೇ ಕ್ಲಾಸಿನ ಹುಡುಗ, ಹತ್ತನೇ ನಂಬರಿನ ನೀಲಿ ಬಿಳಿ ಅಂಗಿ ಹಾಕಿಕೊಂಡೇ ಅತ್ತ. ಡಿಸೆಂಬರ್ 9ಕ್ಕೆ ಬ್ರೆಜಿಲ್ ಕ್ರೊವೇಶಿಯದ ಎದುರು ಪೆನಾಲ್ಟಿಯಲ್ಲಿ ಸೋತ ಮೇಲೆ ಲೆಕ್ಕ ಚುಕ್ತಾ ಆಯಿತು. ಹುಡುಗನಿಗೆ ಆ ಅಂಗಿ ತೆಗೆದುಕೊಟ್ಟವಳು ಅವನ ಅಮ್ಮ ಎಂದು ನನಗೆ ಆಮೇಲೆ ಗೊತ್ತಾಯಿತು. ಬೀಡಿಯ ದುಡ್ಡಿನಲ್ಲಿ.

ಡಿಸೆಂಬರ್ 18, ಆದಿತ್ಯವಾರ. ಫೈನಲ್ ರಾತ್ರಿ ಎಂಟೂವರೆಗೆ. ಪಕ್ಕದೂರಿನಲ್ಲಿ ಬಯಲಾಟವಿತ್ತು, ಅಲ್ಲಿಗೆ ಹೊರಟವರೂ ದಾರಿಯಲ್ಲಿ ನಿಂತರು. ಮೆಸ್ಸಿ ಪೆನಾಲ್ಟಿ ಹೊಡೆದ, ಡಿ ಮರಿಯ ಇನ್ನೊಂದು ಹೊಡೆದ. ಇನ್ನೇನು ಮುಗಿಯಿತೆಂದು ಪಟಾಕಿಗೆ ಬೆಂಕಿಪೆಟ್ಟಿಗೆ ತೆಗೆದಾಗ ಫ್ರಾನ್ಸಿನ ಎಂಬಾಪೆ 80ನೇ ನಿಮಿಷಕ್ಕೊಂದು, 81ಕ್ಕೆ ಇನ್ನೊಂದು! ಹೆಚ್ಚುವರಿ ಆಟದಲ್ಲಿ ಮೆಸ್ಸಿ ಮತ್ತೆ, ಎಂಬಾಪೆ ಮತ್ತೆ. 3-3. ಕೊನೆಯ ಗಳಿಗೆಯಲ್ಲಿ ಕೋಲೊ ಮುವಾನಿ ಒಬ್ಬನೇ ನುಗ್ಗಿ ಬಂದು ಒದ್ದ ಚೆಂಡನ್ನು ಗೋಲಿ ಮಾರ್ಟಿನೆಜ್ ಎಡಗಾಲು ಚಾಚಿ ತಡೆದನಲ್ಲ, ಆಗ ನಾನು ಕುರ್ಚಿಯ ಮೇಲೆ ನಿಂತಿದ್ದೆ. ಅರವತ್ತೆರಡರ ಪ್ರಾಯದಲ್ಲಿ! 2,711 ಎಂಬ ಸಂಖ್ಯೆ ಆಗ ನನ್ನ ತಲೆಯಲ್ಲಿರಲಿಲ್ಲ. ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ.

ಪೆನಾಲ್ಟಿಗೆ ಮುಂಚೆ ಸ್ವಲ್ಪ ಬಿಡುವಿತ್ತು. ಮೇಲಿನಿಂದ ತೆಗೆದ ದೃಶ್ಯ ತೋರಿಸುತ್ತಿದ್ದರು. ಚಿನ್ನದ ಬಟ್ಟಲಿನಂಥ ಲುಸೈಲ್, ಅದರ ಸುತ್ತ ದೀಪದ ಸಾಲಿನ ರಸ್ತೆಗಳು, ಮೇಲ್ಸೇತುವೆಗಳು. ಯಾಕೋ ಹಿಂದೆ ತಿರುಗಿದೆ. ಪಾಗಾರದ ಆಚೆ ಅಕ್ಕ ನಿಂತಿದ್ದಳು. ಒಂದು ತಿಂಗಳಿನಲ್ಲಿ ಅವಳು ಹೊರಗೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಹತ್ತಿರ ಹೋದೆ.

"ಅವರು ಇದ್ದದ್ದು ಇದೇ ಊರಾ ಮಾಷ್ಟ್ರೇ?"

"ಹೌದಕ್ಕ, ಅದೇ."

"ಇಷ್ಟು ಚಂದ ಉಂಟಾ?"

ಗಂಡ ಕಳಿಸುತ್ತಿದ್ದ ಫೋಟೋಗಳಲ್ಲಿ ಅವಳು ನೋಡಿದ್ದು ಕ್ಯಾಂಪಿನ ಕೋಣೆ, ಒಂದರ ಮೇಲೊಂದು ಮಂಚ, ಗೋಡೆಗೆ ತೂಗಿದ ಅಂಗಿಗಳು, ಅಡಿಗೆ ಮಾಡುವ ಗ್ಯಾಸು. ಒಮ್ಮೆ ಕಡಲಿನ ಬದಿ ನಿಂತದ್ದು. ನಾನು ಏನೂ ಹೇಳಲಿಲ್ಲ. ಆ ಮೇಲ್ಸೇತುವೆಗಳಲ್ಲಿ ಯಾವುದಾದರೂ ಅವನ ಕೈಯದ್ದಿರಬಹುದು ಎಂದು ಹೇಳಬೇಕೆಂದು ಬಾಯಿಗೆ ಬಂತು, ಗೊತ್ತಿಲ್ಲದ್ದನ್ನು ಹೇಳುವುದು ಬೇಡವೆಂದು ಬಿಟ್ಟೆ. ಅಷ್ಟರಲ್ಲಿ ಗದ್ದೆಯಿಂದ ಗದ್ದಲ ಎದ್ದಿತು. ಮೊಂಟಿಯೆಲ್ ಕೊನೆಯ ಪೆನಾಲ್ಟಿ ಹೊಡೆಯುವಾಗ ನಾನೂ ಅವಳೂ ಪಾಗಾರದ ಎರಡು ಬದಿಯಲ್ಲಿ ನಿಂತೇ ನೋಡಿದೆವು. ಅವಳ ಮಗ ಅಂಗಿ ಬಿಚ್ಚಿ ಗಾಳಿಯಲ್ಲಿ ತಿರುಗಿಸುತ್ತಾ ಓಡುತ್ತಿದ್ದ. "ಚಳಿ ಹಿಡೀತದೆ ಅವನಿಗೆ" ಎಂದು ಹೇಳಿ ಅವಳು ಒಳಗೆ ಹೋದಳು.

ಆ ಮೇಲೆ ಕತಾರಿನ ಅಮೀರರು ಮೆಸ್ಸಿಗೆ ಕಪ್ಪು ಜಾಲರಿಯ ನಿಲುವಂಗಿ ತೊಡಿಸಿದ್ದು, ಅರ್ಜೆಂಟೀನಕ್ಕೆ 4 ಕೋಟಿ 20 ಲಕ್ಷ ಡಾಲರ್ ಬಹುಮಾನ ಸಿಕ್ಕಿದ್ದು ಎಲ್ಲರಿಗೂ ಗೊತ್ತಿರುವುದೇ. ಒಟ್ಟು ಬಹುಮಾನ 44 ಕೋಟಿ ಡಾಲರ್. ಅಷ್ಟೇ ಮೊತ್ತವನ್ನು ಸತ್ತವರ, ಸಂಬಳ ಸಿಗದವರ ಮನೆಯವರಿಗಾಗಿ ತೆಗೆದಿಡಿ ಎಂದು ಆಮ್ನೆಸ್ಟಿಯವರು ಪಂದ್ಯಾಟಕ್ಕೆ ಆರು ತಿಂಗಳ ಮೊದಲೇ ಕೇಳಿದ್ದರು. 2024ರ ನವೆಂಬರಿನಲ್ಲಿ ಫಿಫಾ ಒಂದು ನಿಧಿ ಸಾರಿತು, 5 ಕೋಟಿ ಡಾಲರಿನದು. ಆರೋಗ್ಯ, ನಿರಾಶ್ರಿತರು, ವ್ಯಾಪಾರ ಎಂದು ಅದರ ಬಾಬತ್ತುಗಳು. ಈ ಬೈಲಿನ ಪಾಗಾರದವರೆಗೆ ಅದು ಬರುವ ದಾರಿ ನನಗಂತೂ ಕಾಣಲಿಲ್ಲ.

ಹೊಸ ವರ್ಷದಲ್ಲಿ ಕರೆಂಟು ಬಿಲ್ಲು ಬಂದಾಗ ಕ್ಲಬ್ಬಿನವರು ಪೂರ್ತಿ ಹಣ ತೆಗೆದುಕೊಂಡು ಹೋದರು. ಅಕ್ಕ ಎಣಿಸಿ, ಅದರಿಂದ ನೂರು ರೂಪಾಯಿ ತಿರುಗಿ ಕೊಟ್ಟಳಂತೆ. "ನಮ್ಮದೂ ಎರಡು ಬಲ್ಬು, ಒಂದು ಫ್ಯಾನು ಉಂಟಲ್ಲ" ಎಂದಳಂತೆ.

2034ರ ವಿಶ್ವಕಪ್ ಸೌದಿ ಅರೇಬಿಯಾಕ್ಕೆ ಎಂದು 2024ರ ಡಿಸೆಂಬರ್ 11ಕ್ಕೆ ನಿಶ್ಚಯವಾಯಿತು. ಈ ಸಲ 48 ತಂಡಗಳು, 15 ಸ್ಟೇಡಿಯಮ್ಮುಗಳ ಯೋಜನೆ. ಸುದ್ದಿ ಬಂದು ನಾಲ್ಕೈದು ತಿಂಗಳಾಗಿರಬೇಕು, ನನ್ನ ಅಕ್ಕನ ಮಗ ಒಂದು ಕಾಗದ ಹಿಡಿದು ಬಂದ. ರಿಯಾದಿನಲ್ಲಿ ಕೆಲಸ, ಅದೇ ತಂಪು ಗಾಳಿಯ ಕೊಳವೆ, ಎರಡು ವರ್ಷದ ಕರಾರು. "ಒಮ್ಮೆ ಓದಿ ನೋಡಿ ಮಾವಾ, ಇಂಗ್ಲಿಷಿನಲ್ಲಿ ಉಂಟು."

ಕನ್ನಡಕ ಹಾಕಿಕೊಂಡು ಓದಿದೆ. ಸಂಬಳ ಇತ್ತು, ಊಟದ ಭತ್ಯೆ ಇತ್ತು, ದಿನಕ್ಕೆ ಎಂಟು ಗಂಟೆ ಕೆಲಸ ಎಂದಿತ್ತು. ಕೆಲಸದ ಅಪಘಾತದಲ್ಲಿ ಸತ್ತರೆ ಏನು ಎಂದೂ ಬರೆದಿತ್ತು. ಮಲಗಿದಲ್ಲಿ ಸತ್ತರೆ ಏನು ಎಂಬುದನ್ನು ಹುಡುಕಿದೆ, ಪುಟ ತಿರುಗಿಸಿ ಮತ್ತೊಮ್ಮೆ ಹುಡುಕಿದೆ.

"ಇದೊಂದು ಏಜೆಂಟನ ಹತ್ತಿರ ಕೇಳು" ಎಂದು ಪೆನ್ಸಿಲಿನಲ್ಲಿ ಬದಿಗೆ ಗೀಟು ಹಾಕಿ ಕೊಟ್ಟೆ.

"ಕೇಳ್ತೇನೆ ಮಾವಾ" ಎಂದು ಕಾಗದ ಮಡಚಿ ಕಿಸೆಗೆ ಹಾಕಿದ. ಸಂಜೆ ಸೆವೆನ್ಸ್ ಆಟ ಇತ್ತು, ಬೈಕಿನ ಹಿಂದೆ ಅಕ್ಕನ ಮಗ ಬೂಟು ಕಟ್ಟಿಕೊಂಡು ಕಾಯುತ್ತಿದ್ದ.